ಸದ್ದಿಲ್ಲದೆ ಬರುವ ಆರನೇ ಹಲ್ಲು

ಮಗುವಿನ ಮುಂದಿನ ಹಲ್ಲು ಅಲುಗಾಡತೊಡಗಿದರೆ ಮನೆಮಂದಿಗೆಲ್ಲ ಸುದ್ದಿ ಗೊತ್ತಾಗುತ್ತದೆ. ಮಗು ದಿನವಿಡೀ ಅದನ್ನು ನಾಲಿಗೆಯಿಂದ ದೂಡುತ್ತಲೇ ಇರುತ್ತದೆ. ಅಜ್ಜಿ ದಾರ ಕಟ್ಟಿ ಎಳೆಯುತ್ತೇನೆಂದು ಹೆದರಿಸುತ್ತಾಳೆ. ಬಿದ್ದ ಹಲ್ಲನ್ನು ಸೆಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುತ್ತಾರೆ. ಹಲ್ಲಿಲ್ಲದ ಬಾಯಿಯ ನಗು ಮೊಬೈಲಿನಲ್ಲಿ ಸೋದರಮಾವ, ಅತ್ತೆ, ಚಿಗವ್ವರಿಗೆಲ್ಲ ಹೋಗಿ ಮುಟ್ಟುತ್ತದೆ. ಸವಣೂರು, ಶಿಗ್ಗಾವಿ, ಹಾನಗಲ್ಲು, ಹಿರೇಕೆರೂರಿನ ಯಾವ ಮನೆಗೆ ಹೋದರೂ ಇದು ಒಂದು ಸಣ್ಣ ಹಬ್ಬ. ಅದೇ ತಿಂಗಳುಗಳಲ್ಲಿ, ಅದೇ ಬಾಯಿಯ ಹಿಂಭಾಗದಲ್ಲಿ, ಮುಂದೆ ಅರವತ್ತು ಎಪ್ಪತ್ತು ವರ್ಷ ರೊಟ್ಟಿ ಅಗಿಯಬೇಕಾದ ಹಲ್ಲೊಂದು ವಸಡನ್ನು ಬಿಡಿಸಿಕೊಂಡು ಮೇಲೆ ಬರುತ್ತಿರುತ್ತದೆ. ಅದಕ್ಕೆ ಜಾಗ ಬಿಡಲು ಯಾವ ಹಲ್ಲೂ ಬೀಳುವುದಿಲ್ಲ. ರಕ್ತ ಬರುವುದಿಲ್ಲ. ಮಗು ಅಳುವುದೂ ಅಪರೂಪ. ಹಾಗಾಗಿ ಆ ಹಲ್ಲು ಬಂದದ್ದು ಯಾರಿಗೂ ತಿಳಿಯುವುದಿಲ್ಲ.

ಅದೇ ಮೊದಲ ಶಾಶ್ವತ ದವಡೆಹಲ್ಲು. ಆರರಿಂದ ಏಳರ ವಯಸ್ಸಿನಲ್ಲಿ ಬರುತ್ತದೆ. ಬಾಯಿಯನ್ನು ಮೇಲೆ ಕೆಳಗೆ, ಎಡ ಬಲ ಎಂದು ನಾಲ್ಕು ಪಾಲು ಮಾಡಿ ನೋಡಿದರೆ ಹಾಲುಹಲ್ಲು ಒಂದೊಂದು ಪಾಲಿಗೆ ಐದು: ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ದವಡೆಹಲ್ಲು. ಒಟ್ಟು ಇಪ್ಪತ್ತು. ಈ ಇಪ್ಪತ್ತೂ ಬಿದ್ದು ಅವುಗಳ ಜಾಗಕ್ಕೆ ಹೊಸವು ಬರುತ್ತವೆ. ಹಾಲು ದವಡೆಹಲ್ಲು ಬಿದ್ದ ಜಾಗಕ್ಕೂ ಬರುವುದು ದವಡೆಹಲ್ಲಲ್ಲ, ಅದಕ್ಕಿಂತ ಚಿಕ್ಕದಾದ ಮುಂದವಡೆಹಲ್ಲು. ಶಾಶ್ವತ ದವಡೆಹಲ್ಲುಗಳು ಹನ್ನೆರಡೂ ಯಾರ ಜಾಗಕ್ಕೂ ಬಂದವುಗಳಲ್ಲ. ಅವು ಹಾಲುಹಲ್ಲಿನ ಸಾಲಿನ ಹಿಂದೆ, ಬೆಳೆಯುವ ದವಡೆ ಮಾಡಿಕೊಟ್ಟ ಹೊಸ ಜಾಗದಲ್ಲಿ ಒಂದರ ಹಿಂದೊಂದು ನಿಲ್ಲುತ್ತವೆ. ಆರಕ್ಕೆ ಒಂದು, ಹನ್ನೆರಡಕ್ಕೆ ಇನ್ನೊಂದು, ಹದಿನೇಳು ದಾಟಿದ ಮೇಲೆ ಮತ್ತೊಂದು.

ಈ ಒಂದು ಸಂಗತಿ ತಿಳಿಯದೆ ಎಷ್ಟು ಹಲ್ಲು ಹಾಳಾಗುತ್ತವೆ ಎಂಬುದನ್ನು ಹಲ್ಲಿನ ದವಾಖಾನೆಯ ಬೆಂಚಿನ ಮೇಲೆ ಅರ್ಧ ತಾಸು ಕೂತರೆ ಕಾಣಬಹುದು. ಎಂಟು ಒಂಬತ್ತು ವರ್ಷದ ಮಗು, ಕೆನ್ನೆಗೆ ಕೈ ಒತ್ತಿಕೊಂಡಿರುತ್ತದೆ. ಕೆಳದವಡೆಯ ಹಿಂದಿನ ಹಲ್ಲು ಕಪ್ಪಾಗಿ ಕುಳಿಬಿದ್ದಿರುತ್ತದೆ. ತಾಯಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: “ಹಾಲಹಲ್ಲ ಅಲ್ಲೇನ್ರಿ ಡಾಕ್ಟ್ರ? ತೆಗದ ಬಿಡ್ರಿ, ಹೊಸಾದು ಬರ್ತೈತಿ.” ಡಾಕ್ಟರ್ ಹೇಳುವುದೂ ಒಂದೇ: “ಇಲ್ರೀ ಅಕ್ಕಾರ, ಇದು ಖಾಯಂ ಹಲ್ಲು. ಇದನ್ನ ತೆಗದ್ರ ಮತ್ತ ಬರೂದಿಲ್ಲ.” ಆ ತಾಯಿಯನ್ನು ದೂರಿ ಫಲವಿಲ್ಲ. ಬಾಯಲ್ಲಿ ಇನ್ನೂ ಅರ್ಧ ಹಾಲುಹಲ್ಲೇ ಇರುವಾಗ, ಯಾವುದೂ ಬೀಳದೆಯೇ ಬಂದ ಹಲ್ಲನ್ನು ಹಾಲುಹಲ್ಲೆಂದು ತಿಳಿದದ್ದು ಸಹಜ. ಹೇಳಬೇಕಾದವರು ಹೇಳಿಲ್ಲ, ಅಷ್ಟೆ.

ಗುರುತಿಸುವುದು ಕಷ್ಟವಲ್ಲ. ಮಗುವನ್ನು ಬೆಳಕಿಗೆ ತಿರುಗಿಸಿ ಮಲಗಿಸಿ, ಮೊಬೈಲಿನ ಟಾರ್ಚ್ ಹಿಡಿದು, ಎರಡು ಮುಂಬಲ್ಲುಗಳ ನಡುವಿನ ಗೆರೆಯಿಂದ ಹಿಂದಕ್ಕೆ ಎಣಿಸುತ್ತಾ ಹೋಗಬೇಕು. ಬಿದ್ದ ಹಲ್ಲಿನ ಖಾಲಿ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಐದರವರೆಗೆ ಹಾಲುಹಲ್ಲು. ಆರನೆಯದು ಕಂಡರೆ ಅದು ಶಾಶ್ವತ. ಹಾಲುಹಲ್ಲಿಗಿಂತ ಅದು ಅಗಲ, ಬಣ್ಣ ತುಸು ಹಳದಿ. ಮೇಲ್ಮೈಯ ಮೊನೆಗಳು ಸವೆದಿರುವುದಿಲ್ಲ, ಚೂಪಾಗಿರುತ್ತವೆ. ಕೆಳದವಡೆಯದಾದರೆ ಸಾಮಾನ್ಯವಾಗಿ ಐದು ಮೊನೆ, ಮೇಲ್ದವಡೆಯದಾದರೆ ನಾಲ್ಕು. ಹಲವರಿಗೆ ಮೇಲಿನ ಹಲ್ಲಿನ ಒಳಬದಿಗೆ ಐದನೆಯ ಪುಟ್ಟ ಉಬ್ಬೂ ಇರುತ್ತದೆ. ವಿಯೆನ್ನಾದ ದಂತವೈದ್ಯ ಕ್ಯಾರಬೆಲ್ಲಿಯ ಹೆಸರು ಅದಕ್ಕೆ ಅಂಟಿಕೊಂಡಿದೆ. ಹಲ್ಲು ಪೂರ್ತಿ ಬಂದಿರದಿದ್ದರೆ ಹಿಂಭಾಗದ ಮೇಲೆ ವಸಡಿನ ಒಂದು ಪದರ ಇನ್ನೂ ಹೊದ್ದುಕೊಂಡಿರುತ್ತದೆ. ಕೆಲವು ಮಕ್ಕಳಲ್ಲಿ ಅದೇ ಜಾಗದಲ್ಲಿ ಅಕ್ಕಿಯ ನುಚ್ಚಿನಷ್ಟು ಬಿಳಿಯ ಚೂರು ವಸಡಿಗೆ ಅಂಟಿಕೊಂಡು ಚುಚ್ಚುತ್ತದೆ. ತಾಯಂದಿರು ಅದನ್ನು ಮುರಿದ ಹಲ್ಲೆಂದು ಗಾಬರಿಯಾಗುತ್ತಾರೆ. ಅದು ಹಲ್ಲಲ್ಲ, ಮೇಲೇರುವ ಹಲ್ಲು ತನ್ನ ತಲೆಯ ಮೇಲಿಟ್ಟುಕೊಂಡು ತಂದ ದವಡೆಮೂಳೆಯ ಚೂರು. ತಾನಾಗಿಯೇ ಬಿದ್ದುಹೋಗುತ್ತದೆ.

ದವಾಖಾನೆಯ ಚೀಟಿಯಲ್ಲಿ ದಂತವೈದ್ಯರು ಇದನ್ನು 16, 26, 36, 46 ಎಂದು ಬರೆಯುತ್ತಾರೆ. ಮೊದಲ ಅಂಕಿ ಬಾಯಿಯ ಯಾವ ಪಾಲು ಎಂಬುದಕ್ಕೆ, ಎರಡನೆಯದು ನಡುವಿನಿಂದ ಎಷ್ಟನೆಯ ಹಲ್ಲು ಎಂಬುದಕ್ಕೆ. ಮಗುವಿನ ಚೀಟಿಯಲ್ಲಿ ಆರಕ್ಕೆ ಮುಗಿಯುವ ಈ ಅಂಕಿಗಳು ಕಂಡರೆ ಅದು ಬಿದ್ದು ಮತ್ತೆ ಬರುವ ಹಲ್ಲಲ್ಲ ಎಂದು ತಿಳಿಯಬೇಕು.

ಆರು ವರ್ಷಕ್ಕೆ ಕಾಣಿಸಿಕೊಂಡರೂ ಈ ಹಲ್ಲಿನ ಕೆಲಸ ಶುರುವಾದದ್ದು ತಾಯಿಯ ಹೊಟ್ಟೆಯಲ್ಲಿ. ಬಸಿರಿನ ಆರನೆಯ ವಾರದ ಹೊತ್ತಿಗೆ ಭ್ರೂಣದ ಬಾಯಿಯ ಒಳಪೊರೆ ಒಂದು ಪಟ್ಟಿಯಂತೆ ದಪ್ಪವಾಗಿ ದವಡೆಯೊಳಕ್ಕೆ ಇಳಿಯುತ್ತದೆ. ಹಾಲುಹಲ್ಲುಗಳ ಮೊಗ್ಗು ಅದರಿಂದಲೇ ಮೂಡುವುದು. ಆ ಪಟ್ಟಿ ಹಿಂದಕ್ಕೆ ಬೆಳೆಯುತ್ತಾ ಹೋಗಿ, ನಾಲ್ಕನೆಯ ತಿಂಗಳಿನ ಹೊತ್ತಿಗೆ ತನ್ನ ತುದಿಯಲ್ಲಿ ಮೊದಲ ಶಾಶ್ವತ ದವಡೆಹಲ್ಲಿನ ಮೊಗ್ಗು ಬಿಡುತ್ತದೆ. ಹಾಲುಹಲ್ಲು ಇನ್ನೂ ಒಂದೂ ಹುಟ್ಟಿರದ, ಸೀಮಂತದ ಮಾತೂ ಇನ್ನೂ ಎತ್ತಿರದ ಕಾಲ ಅದು. ಮೊಗ್ಗು ಟೊಪ್ಪಿಗೆಯ ಆಕಾರ ತಾಳಿ, ಆಮೇಲೆ ಗಂಟೆಯ ಆಕಾರಕ್ಕೆ ತಿರುಗುತ್ತದೆ. ಗಂಟೆಯ ಒಳಮೈ ಎಲ್ಲೆಲ್ಲಿ ಮಡಚಿಕೊಳ್ಳುತ್ತದೋ ಅಲ್ಲಲ್ಲಿ ಮುಂದೆ ಮೊನೆ, ಎಲ್ಲಿ ತಗ್ಗುತ್ತದೋ ಅಲ್ಲಿ ಗೀರು. ಆರು ವರ್ಷದ ಮೇಲೆ ಬಿಸ್ಕೀಟಿನ ಹಿಟ್ಟು ಸಿಕ್ಕಿಕೊಳ್ಳುವ ಆ ಗೀರಿನ ನಕ್ಷೆ ಗರ್ಭದಲ್ಲೇ ತಯಾರಾಗುತ್ತದೆ.

ಎರಡನೆಯ ದವಡೆಹಲ್ಲು ಮೊದಲನೆಯದರ ಹಿಂಬದಿಯ ಪಟ್ಟಿಯಿಂದ, ಮೂರನೆಯದು ಎರಡನೆಯದರ ಹಿಂಬದಿಯಿಂದ ಮೂಡುತ್ತವೆ. ಮುಂದಿನ ಹಲ್ಲು ಹಿಂದಿನದನ್ನು ತಡೆದು ನಿಲ್ಲಿಸಿರುತ್ತದೆ ಎಂಬುದು ಇಲಿಯ ಮೇಲಿನ ಪ್ರಯೋಗದಿಂದ ತಿಳಿಯಿತು. ಹೆಲ್ಸಿಂಕಿಯ ಯುಕ್ಕಾ ಯೆರ್ನ್‌ವಾಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಪ್ರಯೋಗಶಾಲೆಯಲ್ಲಿ ಬೆಳೆಯುತ್ತಿದ್ದ ಇಲಿಮರಿಯ ಮೊದಲ ದವಡೆಹಲ್ಲಿನ ಮೊಗ್ಗಿನಿಂದ ಹಿಂದಿನ ಪಟ್ಟಿಯನ್ನು ಕತ್ತರಿಸಿ ಬೇರೆ ಮಾಡಿದಾಗ ಎರಡನೆಯ ಹಲ್ಲು ಬೇಗನೆ ಮೂಡಿತು. ನಮ್ಮ ಮಕ್ಕಳ ಬಾಯಲ್ಲಿ ಎರಡು ದವಡೆಹಲ್ಲುಗಳ ನಡುವೆ ಆರು ವರ್ಷದ ಅಂತರ ಇದೆ. ಅವು ಬರುವ ಸರದಿಗೆ ಇಂಥ ಒಂದು ಒಳಗಿನ ಕಟ್ಟುಪಾಡು ಇದೆ ಎಂಬುದು ನನಗೆ ಬಹಳ ಚೆಲುವಾದ ಸಂಗತಿಯಾಗಿ ಕಾಣುತ್ತದೆ.

ಮಗು ಹುಟ್ಟುವ ಹೊತ್ತಿಗೆ ಮೊದಲ ದವಡೆಹಲ್ಲಿನ ಮೊನೆಯ ತುದಿಯಲ್ಲಿ ಸುಣ್ಣದಂಶ ಕೂರಲು ತೊಡಗಿರುತ್ತದೆ. ಮೇಲಿನ ಎನಾಮೆಲ್ ಪದರವನ್ನು ಕಟ್ಟುವ ಜೀವಕೋಶಗಳು ದಿನಕ್ಕೆ ಸುಮಾರು 4 ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರಿನ 250ರಲ್ಲಿ ಒಂದು ಪಾಲಿನಷ್ಟು, ಪದರ ಹಾಕುತ್ತವೆ. ದಿನದಿನದ ಈ ಕೆಲಸ ಗೆರೆಯಾಗಿ ಉಳಿಯುತ್ತದೆ. ಏಳೆಂಟು ದಿನಕ್ಕೊಮ್ಮೆ ಇನ್ನೂ ದಟ್ಟವಾದ ಒಂದು ಗೆರೆ ಬೀಳುತ್ತದೆ. ಹಲ್ಲನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ಮರದ ಕಾಂಡದ ಉಂಗುರಗಳಂತೆ ಅವು ಕಾಣುತ್ತವೆ. ಹುಟ್ಟಿದ ದಿನಕ್ಕೂ ಒಂದು ಗೆರೆ ಇದೆ. ಗರ್ಭದ ಆಹಾರ ನಿಂತು, ಮಗು ಹೊರಗಿನ ಗಾಳಿ, ಹಾಲು, ಚಳಿಗೆ ಒಗ್ಗಿಕೊಳ್ಳುವ ಆ ಕೆಲವು ದಿನಗಳ ಏರುಪೇರು ಎನಾಮೆಲ್ಲಿನಲ್ಲಿ ಗಾಢವಾಗಿ ಮೂಡಿರುತ್ತದೆ. 1936ರಲ್ಲಿ ಐಸಾಕ್ ಶೌರ್ ಎಂಬ ಅಮೆರಿಕದ ದಂತವಿಜ್ಞಾನಿ ಇದನ್ನು ವಿವರವಾಗಿ ಬರೆದರು. ಹಾಲುಹಲ್ಲುಗಳಲ್ಲಿ ಈ ಗೆರೆ ಇರುತ್ತದೆ. ಶಾಶ್ವತ ಹಲ್ಲುಗಳಲ್ಲಿ ಅದು ಕಾಣುವುದು ಬಹುಮಟ್ಟಿಗೆ ಮೊದಲ ದವಡೆಹಲ್ಲಿನಲ್ಲೇ. ಏಕೆಂದರೆ ಹುಟ್ಟಿನ ದಿನ ಕಟ್ಟುವ ಕೆಲಸ ನಡೆಯುತ್ತಿದ್ದದ್ದು ಅಲ್ಲಿ.

ಎರಡೂವರೆಯಿಂದ ಮೂರು ವರ್ಷದೊಳಗೆ ಈ ಹಲ್ಲಿನ ತಲೆಭಾಗ ಪೂರ್ತಿಯಾಗುತ್ತದೆ. ಇದನ್ನು ತಾಯಂದಿರು ಗಮನಿಸಬೇಕು. ಮಗುವಿಗೆ ಒಂದನೇ ತರಗತಿಯಲ್ಲಿ ಹಾಲು ಕುಡಿಸುವಾಗ ಈ ಹಲ್ಲಿನ ಎನಾಮೆಲ್ ಮುಗಿದು ಮೂರು ವರ್ಷ ಕಳೆದಿರುತ್ತದೆ. ಅದು ಉಂಡದ್ದು ಬಸುರಿಯ ಊಟ, ಬಾಣಂತಿಯ ಹಾಲು, ಅಂಗನವಾಡಿಗೆ ಹೋಗುವ ಮುಂಚಿನ ಗಂಜಿ ಮತ್ತು ಮುದ್ದೆ. ರಾಜ್ಯದ ಶಾಲೆಗಳಲ್ಲಿ 2013ರಿಂದ ನಡೆದಿರುವ ಕ್ಷೀರಭಾಗ್ಯದ ಹಾಲು ಒಂದನೇ ತರಗತಿಯ ಮಗುವಿಗೆ ಸಿಗುವಾಗ ದವಡೆಯೊಳಗೆ ತಯಾರಾಗುತ್ತಿರುವುದು ಎರಡನೆಯ ದವಡೆಹಲ್ಲಿನ ತಲೆ. ಅದು ಮುಗಿಯುವುದು ಏಳೆಂಟು ವರ್ಷಕ್ಕೆ. ಮೂರನೆಯದರ ಕೆಲಸ ಆ ಮೇಲೆ ಹೈಸ್ಕೂಲು ಮುಗಿಯುವವರೆಗೆ ನಡೆಯುತ್ತದೆ. ಒಂದೊಂದು ದವಡೆಹಲ್ಲು ಬಾಲ್ಯದ ಒಂದೊಂದು ಕಾಲದಲ್ಲಿ ಕಟ್ಟಿಕೊಂಡದ್ದು.

ಕಾಲ ಕೆಟ್ಟದ್ದಾದರೆ ಅದೂ ದಾಖಲಾಗುತ್ತದೆ. ನಮ್ಮ ನೆರೆಯ ಗದಗ ಜಿಲ್ಲೆಯ ಮುಂಡರಗಿ ಸೀಮೆಯಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನದಂಡ ಹೇಳುತ್ತದೆ. ಹೆಚ್ಚು ಫ್ಲೋರೈಡಿನ ನೀರು ಕುಡಿದರೆ ಎನಾಮೆಲ್ಲಿಗೆ ಏಟು ಬೀಳುವುದು ಅದು ಕಟ್ಟಿಕೊಳ್ಳುತ್ತಿರುವಾಗ ಮಾತ್ರ, ಅಂದರೆ ಹುಟ್ಟಿನಿಂದ ಎಂಟು ವರ್ಷದವರೆಗೆ. ಕಲೆ ಕಾಣುವುದು ವರ್ಷಗಳ ಮೇಲೆ, ಹಲ್ಲು ಹೊರಬಂದಾಗ. ಎರಡು ವರ್ಷದ ಮಗು ಕುಡಿದ ನೀರು ಏಳನೆಯ ವಯಸ್ಸಿನಲ್ಲಿ ಕಂದು ಕಲೆಯಾಗಿ ಎದುರಿಗೆ ಬರುತ್ತದೆ. ಆಗ ನೀರು ಬದಲಿಸಿದರೂ ಆ ಹಲ್ಲು ಬದಲಾಗದು. ಟೆಟ್ರಾಸೈಕ್ಲಿನ್ ಎಂಬ ಔಷಧಿಯನ್ನು ಬಸುರಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಕೊಡಬಾರದು ಎನ್ನುವುದೂ ಇದೇ ಕಾರಣಕ್ಕೆ. ಇನ್ನೊಂದು ತೊಂದರೆ ಇದೆ. ಕೆಲವು ಮಕ್ಕಳಲ್ಲಿ ಮೊದಲ ದವಡೆಹಲ್ಲು ಹೊರಬರುವಾಗಲೇ ಕೆನೆಬಣ್ಣದ ಅಥವಾ ಹಳದಿಯ ತೇಪೆಗಳೊಂದಿಗೆ, ಸೀಮೆಸುಣ್ಣದಂತೆ ಉದುರುವಷ್ಟು ಮೆತ್ತಗೆ ಬರುತ್ತದೆ. ಅದರ ಜೊತೆಗೆ ಮುಂದಿನ ಬಾಚಿಹಲ್ಲಿನ ಮೇಲೂ ಅಂಥದೇ ಮಚ್ಚೆ ಇರಬಹುದು. ಈ ಎರಡು ಬಗೆಯ ಹಲ್ಲುಗಳೂ ಒಂದೇ ಕಾಲದಲ್ಲಿ, ಮೊದಲ ಮೂರು ವರ್ಷಗಳಲ್ಲಿ, ಕಟ್ಟಿಕೊಳ್ಳುವುದರಿಂದ ಹೀಗಾಗುತ್ತದೆ. ತಣ್ಣೀರು ತಾಕಿದರೆ ಮಗು ಕಿರುಚುತ್ತದೆ, ಬ್ರಷ್ ಬೇಡವೆನ್ನುತ್ತದೆ. ಸೋಮಾರಿತನವೆಂದು ಗದರಿಸದೆ ದಂತವೈದ್ಯರಿಗೆ ತೋರಿಸಬೇಕು. ಬೇಗ ಬಂದರೆ ಆ ಹಲ್ಲಿಗೆ ಲೋಹದ ಕವಚ ತೊಡಿಸಿ ಉಳಿಸಬಹುದು.

ತಲೆ ಮುಗಿದ ಮೇಲೆ ಬೇರು. ಬೇರು ಬೆಳೆಯತೊಡಗಿದಂತೆ ಹಲ್ಲು ಮೇಲೇಳುತ್ತದೆ. ಬೇರೇ ಹಲ್ಲನ್ನು ಮೇಲೆ ತಳ್ಳುತ್ತದೆ ಎಂದು ಬಹುಕಾಲ ತಿಳಿದಿದ್ದರು. ಅಮೆರಿಕದ ಡೊನಾಲ್ಡ್ ಕೇಹಿಲ್ ಮತ್ತು ಸ್ಯಾಂಡಿ ಮಾರ್ಕ್ಸ್ ನಾಯಿಮರಿಗಳ ಮೇಲೆ ಮಾಡಿದ ಪ್ರಯೋಗಗಳು ಈ ನಂಬಿಕೆಯನ್ನು ಅಲುಗಾಡಿಸಿದವು. ಬೆಳೆಯುವ ಹಲ್ಲಿನ ಸುತ್ತ ಒಂದು ಮೆತ್ತನೆಯ ಚೀಲ ಇರುತ್ತದೆ. ಆ ಚೀಲವನ್ನು ತೆಗೆದರೆ ಬೇರಿದ್ದರೂ ಹಲ್ಲು ಮೇಲೇಳಲಿಲ್ಲ. ಚೀಲವನ್ನು ಹಾಗೇ ಬಿಟ್ಟು, ಒಳಗಿನ ಹಲ್ಲನ್ನು ತೆಗೆದು ಅದೇ ಅಳತೆಯ ಕೃತಕ ಅಚ್ಚನ್ನು ಇಟ್ಟರೆ ಆ ನಿರ್ಜೀವ ಅಚ್ಚು ಮೇಲೆದ್ದು ಬಂತು! ಹಲ್ಲಿನ ಮೇಲಿರುವ ಮೂಳೆಯನ್ನು ಕರಗಿಸುವ ಜೀವಕೋಶಗಳನ್ನು ಕರೆಸುವುದೂ, ಕೆಳಗೆ ಹೊಸ ಮೂಳೆ ಕಟ್ಟಿಸುವುದೂ ಆ ಚೀಲ. ಬೇರು ಅರ್ಧದಿಂದ ಮುಕ್ಕಾಲು ಬೆಳೆದಿರುವಾಗ ಹಲ್ಲು ವಸಡಿನ ಹೊರಗೆ ಕಾಣಿಸಿಕೊಳ್ಳುತ್ತದೆ. ಮುಂದವಡೆಹಲ್ಲುಗಳನ್ನು ತಾಸುತಾಸಿಗೆ ಅಳೆದು ನೋಡಿದವರು, ಅವು ಮೇಲೇಳುವುದು ಹೆಚ್ಚಾಗಿ ರಾತ್ರಿಯ ಮೊದಲ ಜಾವದಲ್ಲಿ ಎಂದು ಕಂಡಿದ್ದಾರೆ.

ಹಾಲುಹಲ್ಲಿನ ಸಾಲಿನ ಹಿಂದೆ ಈ ಹಲ್ಲಿಗೆ ಜಾಗ ಹೇಗೆ ಸಿಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಮೊದಲಿಗರು. 1771ರಲ್ಲಿ ಅವರು ಹೊರತಂದ ಹಲ್ಲುಗಳ ಕುರಿತ ಪುಸ್ತಕದಲ್ಲಿ, ಕೆಳದವಡೆ ಎಲ್ಲ ಕಡೆಯೂ ಸಮನಾಗಿ ಹಿಗ್ಗುವುದಿಲ್ಲ, ಹಿಂದಕ್ಕೆ ಬೆಳೆದು ದವಡೆಹಲ್ಲಿಗೆ ಜಾಗ ಕೊಡುತ್ತದೆ ಎಂದು ತೋರಿಸಿದರು. ಕಿವಿಯ ಕಡೆಗೆ ಏರುವ ಮೂಳೆಯ ಮುಂಬದಿ ಕರಗುತ್ತಾ ಹೋಗುತ್ತದೆ, ಹಿಂಬದಿಗೆ ಹೊಸದು ಸೇರುತ್ತದೆ. ಐದು ವರ್ಷದ ಮಗುವಿನ ಮುಖಕ್ಕೂ ಹನ್ನೆರಡರ ಮುಖಕ್ಕೂ ಇರುವ ವ್ಯತ್ಯಾಸದಲ್ಲಿ ಒಂದು ಪಾಲು ಇದರದ್ದೇ.

ಆರನೆಯ ವಯಸ್ಸು ಎಂದರೆ ಶಾಲೆಗೆ ಸೇರುವ ವಯಸ್ಸು. ಜನನಪತ್ರ ಇಲ್ಲದ ಕಾಲದಲ್ಲಿ ನಮ್ಮ ಊರುಗಳ ಮಾಸ್ತರರು ಮಗುವನ್ನು ಎದುರಿಗೆ ನಿಲ್ಲಿಸಿ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಮುಟ್ಟಿದರೆ ಹೆಸರು ಹಚ್ಚುತ್ತಿದ್ದರು, ಇಲ್ಲದಿದ್ದರೆ ಬರುವ ವರ್ಷ ಬಾ. ಈಗಿನ ಹಿರಿಯರಲ್ಲಿ ಬಹಳ ಮಂದಿ ಶಾಲೆ ಸೇರಿದ್ದು ಹೀಗೆ. ಅವರ ದಾಖಲೆಗಳಲ್ಲಿ ಜೂನ್ 1 ಹುಟ್ಟಿದ ದಿನವಾದದ್ದೂ ಮಾಸ್ತರರ ಕೃಪೆಯಿಂದ. ಕೈ ಉದ್ದ ಮಗುವಿನ ಮೈಕಟ್ಟಿನ ಮೇಲೆ ಹೋಗುತ್ತದೆ. ಮಗುವಿನ ಬಾಯಿ ತೆರೆಸಿ ಆರನೇ ಹಲ್ಲು ನೋಡಿದ್ದರೆ ಲೆಕ್ಕ ಇನ್ನೂ ಹತ್ತಿರಕ್ಕೆ ಬರುತ್ತಿತ್ತು.

ಇದು ಕಲ್ಪನೆಯ ಮಾತಲ್ಲ. ಇಂಗ್ಲೆಂಡಿನಲ್ಲಿ ಏಳು ವರ್ಷದೊಳಗಿನ ಮಗುವಿನ ಮೇಲೆ ಅಪರಾಧ ಹೊರಿಸುವಂತಿರಲಿಲ್ಲ. ಮೊದಲ ಶಾಶ್ವತ ದವಡೆಹಲ್ಲು ಬಂದಿಲ್ಲವೆಂದರೆ ಆರೋಪಿ ಏಳು ದಾಟಿಲ್ಲವೆಂದು ಹೇಳಬಹುದು ಎಂದು 1836ರಲ್ಲಿ ಥಾಮ್ಸನ್ ಎಂಬ ವೈದ್ಯರು ಬರೆದರು. 1833ರ ಕಾರ್ಖಾನೆ ಕಾಯ್ದೆ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಬಟ್ಟೆ ಗಿರಣಿಗಳಲ್ಲಿ ದುಡಿಸಬಾರದೆಂದಿತ್ತು. ಆದರೆ ವಯಸ್ಸಿಗೆ ಪುರಾವೆ ಎಲ್ಲಿ? ಬಡತನದಿಂದ ಮಕ್ಕಳ ವಯಸ್ಸನ್ನು ಹೆಚ್ಚು ಹೇಳಿ ಗಿರಣಿಗೆ ಕಳಿಸುತ್ತಿದ್ದ ಕಾಲ. ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯ ಸಾವಿರಕ್ಕೂ ಹೆಚ್ಚು ಮಕ್ಕಳ ಬಾಯಿ ನೋಡಿ, ಎತ್ತರಕ್ಕಿಂತ ಹಲ್ಲು ವಯಸ್ಸನ್ನು ನಿಖರವಾಗಿ ಹೇಳುತ್ತದೆ ಎಂದು 1837ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದಿಟ್ಟರು. ಹಸಿವು ಮಗುವಿನ ಎತ್ತರವನ್ನು ಬೇಗ ಕುಗ್ಗಿಸುತ್ತದೆ, ಹಲ್ಲು ಬರುವ ಕಾಲವನ್ನು ಅಷ್ಟು ಸುಲಭವಾಗಿ ಕದಲಿಸಲಾರದು. ಏಳು ವರ್ಷದ ಗೆರೆ 1860ರ ಭಾರತೀಯ ದಂಡ ಸಂಹಿತೆಗೂ ಬಂತು, ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದಿದೆ.

ಈ ವಿದ್ಯೆಯಲ್ಲಿ ನಮ್ಮ ಭಾಗದ ಪಾಲೂ ಇದೆ, ಅದನ್ನು ಹೆಮ್ಮೆಯಿಂದಲೇ ಹೇಳಬೇಕು. ಎಕ್ಸ್‌ರೇಯಲ್ಲಿ ಹಲ್ಲುಗಳ ತಲೆ, ಬೇರು ಎಷ್ಟು ಬೆಳೆದಿವೆ ಎಂದು ನೋಡಿ ವಯಸ್ಸು ಅಂದಾಜು ಮಾಡುವ, ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ವಿಧಾನವನ್ನು ಕೆನಡಾದ ಡೆಮಿರ್ಜಿಯನ್ 1973ರಲ್ಲಿ ರೂಪಿಸಿದರು. ಅದಕ್ಕೆ ಆಧಾರ ಫ್ರೆಂಚ್ ಮೂಲದ ಕೆನಡಾ ಮಕ್ಕಳು. ಆ ಲೆಕ್ಕ ನಮ್ಮ ಮಕ್ಕಳಿಗೆ ಸರಿಹೊಂದುತ್ತದೆಯೇ? ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿನ ಡಾ. ಆಶಿತ್ ಆಚಾರ್ಯ ಮೂರನೆಯ ದವಡೆಹಲ್ಲನ್ನೂ ಸೇರಿಸಿ ಎಂಟು ಹಲ್ಲುಗಳ ವಿಧಾನವನ್ನು ಭಾರತೀಯರ ಮೇಲೆ ಪರೀಕ್ಷಿಸಿ, ಭಾರತೀಯರಿಗೇ ಹೊಂದುವ ಸೂತ್ರಗಳನ್ನು 2011ರಲ್ಲಿ ಪ್ರಕಟಿಸಿದರು. ಬಾಲ್ಯವಿವಾಹ, ಬಾಲಕಾರ್ಮಿಕರ ಪ್ರಕರಣಗಳಲ್ಲಿ ಶಾಲೆಯ ದಾಖಲೆಯೂ ಜನನಪತ್ರವೂ ಇಲ್ಲದಾಗ ವೈದ್ಯಕೀಯ ಪರೀಕ್ಷೆಯ ಮೊರೆ ಹೋಗಬೇಕಾಗುತ್ತದೆ. ಅಂಥಲ್ಲಿ ಒಂದು ವರ್ಷದ ಹೆಚ್ಚುಕಡಿಮೆ ಒಂದು ಮಗುವಿನ ಬದುಕನ್ನೇ ತಿರುಗಿಸಬಲ್ಲದು.

ಮಣ್ಣಿನಡಿಯ ಮಕ್ಕಳಿಗೂ ಇದೇ ಅಳತೆ. ಹಿರೇಕೆರೂರು ಸೀಮೆಯಲ್ಲಿ, ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರ ಹೊತ್ತಿಗೆ ಡಾ. ಎಂ.ಎಸ್. ನಾಗರಾಜರಾವ್ ಅಗೆತ ನಡೆಸಿ ನವಶಿಲಾಯುಗದಿಂದ ಕಬ್ಬಿಣಯುಗದವರೆಗಿನ ಬಾಳುವೆಯನ್ನು ಬೆಳಕಿಗೆ ತಂದರು. ದಕ್ಷಿಣ ಭಾರತದ ಇಂಥ ನೆಲೆಗಳಲ್ಲಿ ಸತ್ತ ಮಕ್ಕಳನ್ನು ಮಡಕೆಯಲ್ಲಿಟ್ಟು ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದುದು ಕಂಡುಬಂದಿದೆ. ಮೂರು ಸಾವಿರ ವರ್ಷದ ಹಿಂದೆ ತೀರಿಕೊಂಡ ಮಗುವಿನ ವಯಸ್ಸನ್ನು ಹೇಳಲು ಪುರಾತತ್ವಜ್ಞರು ಮೊದಲು ನೋಡುವುದು ದವಡೆಯನ್ನೇ. ಮೊದಲ ದವಡೆಹಲ್ಲಿನ ತಲೆ ಮುಗಿದಿದ್ದು ಬೇರು ಇನ್ನೂ ಬಂದಿಲ್ಲವೆಂದರೆ ಮಗು ಮೂರರ ಆಸುಪಾಸು. ಹಲ್ಲು ಹೊರಬಂದು ಮೊನೆ ಸವೆದಿಲ್ಲವೆಂದರೆ ಏಳರ ಒಳಹೊರಗು. ಚಿಂಪಾಂಜಿಗೆ ಈ ಹಲ್ಲು ಬರುವುದು ಮೂರು ನಾಲ್ಕು ವರ್ಷಕ್ಕೆ. ವಾನರ ಕುಲದಲ್ಲಿ ಮಿದುಳು ದೊಡ್ಡದಾದಷ್ಟೂ ಮೊದಲ ದವಡೆಹಲ್ಲು ತಡವಾಗುತ್ತದೆ ಎಂದು ಹಾಲಿ ಸ್ಮಿತ್ ಎಂಬ ಮಾನವಶಾಸ್ತ್ರಜ್ಞೆ 1989ರಲ್ಲಿ ತೋರಿಸಿದರು. ನಮ್ಮ ಮಕ್ಕಳ ಬಾಲ್ಯ ಇಷ್ಟು ದೀರ್ಘ ಎನ್ನುವುದಕ್ಕೂ ಈ ಹಲ್ಲು ಆರರವರೆಗೆ ಕಾಯುವುದಕ್ಕೂ ನಂಟಿದೆ.

ಇಷ್ಟು ಕಾಲ ಹಿಡಿದು ತಯಾರಾದ ಹಲ್ಲು ಹೊರಬಂದ ಮೊದಲ ಒಂದೆರಡು ವರ್ಷಗಳಲ್ಲೇ ಹುಳುಕಿಗೆ ಅತಿ ಸುಲಭದ ತುತ್ತು. ಕಾರಣಗಳು ಹಲವು. ಹೊಸ ಎನಾಮೆಲ್ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಬಾಯಿಯ ಜೊಲ್ಲಿನ ಖನಿಜ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ವಸಡಿನಿಂದ ತಲೆ ಎತ್ತಿ ಎದುರಿನ ಹಲ್ಲನ್ನು ಮುಟ್ಟಲು ಅದಕ್ಕೆ ಒಂದು ವರ್ಷವೇ ಬೇಕಾಗಬಹುದು. ಅಷ್ಟು ದಿನ ಅದು ಪಕ್ಕದ ಹಾಲುಹಲ್ಲಿಗಿಂತ ತಗ್ಗಿನಲ್ಲಿರುತ್ತದೆ. ಮಗು ಉದ್ದಕ್ಕೆ ಎಳೆಯುವ ಬ್ರಷ್ ಮೇಲಿಂದಲೇ ದಾಟಿಹೋಗುತ್ತದೆ. ಗೀರುಗಳು ಬ್ರಷ್ಷಿನ ಎಳೆಗಿಂತ ಕಿರಿದು. ಇನ್ನು ತಿಂಡಿ. ಸವಣೂರಿನ ಖಾರ ಎಲ್ಲರಿಗೂ ಇಷ್ಟ. ಅದನ್ನು ಊಟದ ಜೊತೆಗೋ ಸಂಜೆ ಒಮ್ಮೆಯೋ ತಿಂದರೆ ದೊಡ್ಡ ಕೇಡಿಲ್ಲ. ಕೇಡು ಹೆಚ್ಚು ಮಾಡುವುದು ದಿನವಿಡೀ ಆಗಾಗ ಬಾಯಿಗೆ ಬೀಳುವ ಪೆಪ್ಪರಮಿಂಟು, ಚಾಕಲೇಟು, ಚಹಾದಲ್ಲಿ ಅದ್ದಿದ ಬಿಸ್ಕೀಟು. ಗೀರಿನಲ್ಲಿ ಮೆತ್ತಿಕೊಂಡ ಸಕ್ಕರೆ ಹಿಟ್ಟನ್ನು ಬಾಯಿಯ ಬ್ಯಾಕ್ಟೀರಿಯಾ ಆಮ್ಲವಾಗಿ ಮಾರ್ಪಡಿಸುತ್ತದೆ. ಎನಾಮೆಲ್ ಕಟ್ಟಿದ ಜೀವಕೋಶಗಳು ಹಲ್ಲು ಹೊರಬರುವಾಗಲೇ ಕಳಚಿಹೋಗಿರುವುದರಿಂದ ಕುಳಿಬಿದ್ದ ಎನಾಮೆಲ್ಲನ್ನು ದೇಹ ಮತ್ತೆ ಕಟ್ಟಿಕೊಳ್ಳಲಾರದು. ಎಳೆಯ ಹಲ್ಲಿನೊಳಗಿನ ನರದ ಕೋಣೆ ದೊಡ್ಡದು, ಹುಳುಕು ಬೇಗ ಅಲ್ಲಿಗೆ ತಲುಪುತ್ತದೆ. ಬೇರಿನ ತುದಿ ಮುಚ್ಚುವುದು ಒಂಬತ್ತು ಹತ್ತು ವರ್ಷಕ್ಕೆ. ಅದಕ್ಕೆ ಮುಂಚೆ ರೂಟ್ ಕೆನಾಲ್ ಮಾಡಬೇಕಾಗಿ ಬಂದರೆ ಅದು ದೊಡ್ಡವರ ಹಲ್ಲಿನಷ್ಟು ಸಲೀಸಲ್ಲ.

ತೆಗೆಸಿದರೆ? ಅದರ ಹಿಂದಿನದು ಮುಂದಕ್ಕೆ ವಾಲುತ್ತದೆ, ಎದುರಿನದು ಖಾಲಿ ಜಾಗಕ್ಕೆ ಇಳಿಯುತ್ತದೆ. ಅಗಿಯುವ ಭಾರದ ದೊಡ್ಡ ಪಾಲು ಹೊರುವ ಹಲ್ಲು ಇದು. ಮೇಲಿನ ಮತ್ತು ಕೆಳಗಿನ ಸಾಲು ಹೇಗೆ ಕೂಡಿಕೊಳ್ಳುತ್ತವೆ ಎಂಬುದಕ್ಕೂ ಇದೇ ಅಳತೆಗಲ್ಲು. ಹಲ್ಲು ನೆಟ್ಟಗೆ ಮಾಡುವ ಚಿಕಿತ್ಸೆಗೆ ತಳಪಾಯ ಹಾಕಿದ ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ವಕ್ರದಂತಗಳನ್ನು ವಿಂಗಡಿಸಿದ್ದು ಇದರ ಸ್ಥಾನವನ್ನು ನೋಡಿಯೇ.

ಇಲ್ಲಿ ಹಾಲು ದವಡೆಹಲ್ಲಿನ ಪರವಾಗಿಯೂ ಮಾತಾಡಬೇಕು. “ಹ್ಯಾಂಗೂ ಬೀಳೂದು” ಎಂದು ಅದನ್ನು ಐದಾರು ವರ್ಷಕ್ಕೇ ಕೀಳಿಸಿದರೆ ಆರನೇ ಹಲ್ಲಿಗೆ ದಾರಿ ತಪ್ಪುತ್ತದೆ. ಎರಡನೆಯ ಹಾಲು ದವಡೆಹಲ್ಲಿನ ಹಿಂಬದಿಗೆ ಒರಗಿಕೊಂಡೇ ಅದು ಸರಿಯಾದ ಜಾಗಕ್ಕೆ ಬರಬೇಕು. ಆಸರೆ ಇಲ್ಲದಿದ್ದರೆ ಮುಂದಕ್ಕೆ ಜಾರಿ, ಹತ್ತು ಹನ್ನೊಂದಕ್ಕೆ ಬರಬೇಕಾದ ಮುಂದವಡೆಹಲ್ಲಿನ ಜಾಗವನ್ನು ತಿಂದುಬಿಡುತ್ತದೆ. ಆ ಹಲ್ಲು ಬಳಿಕ ಕೆನ್ನೆಯ ಕಡೆಗೋ ನಾಲಿಗೆಯ ಕಡೆಗೋ ಸೊಟ್ಟಗೆ ಹುಟ್ಟುತ್ತದೆ. ಕೀಳಲೇಬೇಕಾಗಿ ಬಂದರೆ ಜಾಗ ಕಾಯುವ ಒಂದು ತಂತಿಯ ಸಾಧನ ಹಾಕಿಸಬಹುದು, ಅದನ್ನು ಕೇಳಿ ಹಾಕಿಸಿಕೊಳ್ಳಬೇಕು.

ಮಾಡಬೇಕಾದ್ದು ದುಬಾರಿಯದಲ್ಲ. ಏಳೆಂಟು ವರ್ಷದವರೆಗೆ ಮಗುವಿನ ಹಲ್ಲನ್ನು ದೊಡ್ಡವರೇ ಉಜ್ಜಬೇಕು, ಮುಖ್ಯವಾಗಿ ಮಲಗುವ ಮುಂಚೆ. ಫ್ಲೋರೈಡ್ ಇರುವ ಪೇಸ್ಟು ಬಟಾಣಿ ಕಾಳಿನಷ್ಟು ಸಾಕು, ಉಗುಳಿಸಬೇಕು. ಆರನೇ ಹಲ್ಲು ಅರ್ಧ ಬಂದಿರುವಾಗ ಬ್ರಷ್ಷನ್ನು ಕೆನ್ನೆಯ ಮೂಲೆಯಿಂದ ಅಡ್ಡಲಾಗಿ ತೂರಿಸಿ ಆ ಒಂದು ಹಲ್ಲಿನ ಮೇಲೆ ಬೇರೆಯಾಗಿ ಆಡಿಸಬೇಕು. ಹಲ್ಲು ಪೂರ್ತಿ ಮೇಲೆ ಬಂದ ಮೇಲೆ ಗೀರುಗಳಿಗೆ ಸೀಲೆಂಟ್ ಎಂಬ ತೆಳುವಾದ ರಾಳ ಹಾಕಿಸಬಹುದು. ಕೊರೆಯುವುದಿಲ್ಲ, ಸೂಜಿ ಇಲ್ಲ, ಒಂದು ಹಲ್ಲಿಗೆ ಕೆಲವೇ ನಿಮಿಷ. ಎನಾಮೆಲ್ಲಿಗೆ ಆಮ್ಲ ಸವರಿ ರಾಳ ಅಂಟುವಂತೆ ಮಾಡುವ ವಿಧಾನವನ್ನು ಮೈಕೆಲ್ ಬ್ಯುಯೊನೊಕೋರ್ 1955ರಲ್ಲಿ ತೋರಿಸಿದ ಮೇಲೆ ಇದು ಸಾಧ್ಯವಾಯಿತು. ನಮ್ಮ ತಾಲ್ಲೂಕುಗಳಲ್ಲಿ ಇದರ ಹೆಸರು ಕೇಳಿದ ತಂದೆತಾಯಿ ಕಡಿಮೆ. ವಯಸ್ಸಾದವರಿಗೆ ದಂತಪಂಕ್ತಿ ಕೊಡುವ ದಂತಭಾಗ್ಯ ಯೋಜನೆ ನಮ್ಮ ರಾಜ್ಯದಲ್ಲಿ ಬಂತು, ಒಳ್ಳೆಯದೇ ಆಯಿತು. ಆರು ವರ್ಷದ ಮಕ್ಕಳ ನಾಲ್ಕು ಹಲ್ಲಿನ ಗೀರು ಮುಚ್ಚಿಸುವ ಕೆಲಸಕ್ಕೂ ಅಷ್ಟೇ ಮುತುವರ್ಜಿ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ದಾರಿ ಆಗಲೇ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ತಪಾಸಣೆಯ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಸೇರಿದೆ. ತಂಡ ಬಂದ ದಿನ ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳ ಆರನೇ ಹಲ್ಲು ಬಂದಿದೆಯೇ, ಗೀರು ಕಪ್ಪಾಗಿದೆಯೇ ಎಂದು ನೋಡಿ, ಆ ಮಾತನ್ನು ಪಾಲಕರ ಸಭೆಯಲ್ಲಿ ಹೇಳಿದರೆ ಸಾಕು. ಹುಡುಗಿಯರಿಗೆ ತುಸು ಬೇಗ, ಕೆಳದವಡೆಯಲ್ಲಿ ಮೇಲಿನದಕ್ಕಿಂತ ತುಸು ಮುಂಚೆ ಬರುತ್ತದೆ. ಕೆಲವು ತಿಂಗಳ ಹೆಚ್ಚುಕಡಿಮೆಗೆ ಹೆದರಬೇಕಿಲ್ಲ. ಎಂಟು ತುಂಬಿದರೂ ಒಂದೂ ಕಾಣದಿದ್ದರೆ ಎಕ್ಸ್‌ರೇ ತೆಗೆಸಬೇಕು.

ಏಳನೆಯದು, ಅಂದರೆ ಎರಡನೆಯ ದವಡೆಹಲ್ಲು, ಹನ್ನೊಂದರಿಂದ ಹದಿಮೂರರ ನಡುವೆ, ಮಗು ಆರು ಏಳನೆಯ ತರಗತಿಯಲ್ಲಿರುವಾಗ ಬರುತ್ತದೆ. ಆಗ ಉಜ್ಜಿಸಿಕೊಳ್ಳಲು ಮಗು ಬಿಡುವುದಿಲ್ಲ, ಹಾಗಾಗಿ ಮಗುವನ್ನು ಕನ್ನಡಿಯ ಮುಂದೆ ನಿಲ್ಲಿಸಿ ಇನ್ನೂ ಹಿಂದೆ ಇರುವ ಆ ಹಲ್ಲನ್ನು ಒಮ್ಮೆ ತೋರಿಸಿಕೊಡಬೇಕು. ಮೂರನೆಯದು ಹದಿನೇಳರಿಂದ ಇಪ್ಪತ್ತೊಂದರೊಳಗೆ ಬಂದರೂ ಬಂತು, ಮೂಳೆಯಲ್ಲಿ ಅಡ್ಡಬಿದ್ದು ಉಳಿದರೂ ಉಳಿಯಿತು. ಸುಮಾರು ಐವರಲ್ಲಿ ಒಬ್ಬರಿಗೆ ಅದರ ನಾಲ್ಕು ಮೊಗ್ಗುಗಳಲ್ಲಿ ಒಂದಾದರೂ ಮೂಡುವುದೇ ಇಲ್ಲ.